ಧೋತರದಲ್ಲಿ ಕಟ್ಟಿದ ಪೇರಲ

ಹುಬ್ಬಳ್ಳಿಯಲ್ಲಿ ಕುಳಿತು ಪೇರಲ ಹಣ್ಣಿಗಾಗಿ ಹಂಬಲಿಸುತ್ತೇನೆ ಎಂದರೆ ನೀವು ನನ್ನ ಹಣೆ ಮುಟ್ಟಿ ನೋಡುತ್ತೀರಿ. ಗೋಪನಕೊಪ್ಪದ ನಮ್ಮ ಮನೆಯ ಮುಂದೆಯೇ ದಿನಾ ಗಾಡಿ ನಿಲ್ಲುತ್ತದೆ, ಗಾಡಿಯ ತುಂಬ ಧಾರವಾಡದ ಪೇರಲ. ಆದರೆ ನನಗೆ ಬೇಕಾದದ್ದು ಬಹಾಮಾಸ್ ದ್ವೀಪದ ಪೇರಲ ಕಡಬು. ಅಲ್ಲಿಯವರು ಅದನ್ನು 'ಗ್ವಾವಾ ಡಫ್' ಎನ್ನುತ್ತಾರೆ.

ನಾನು ನರ್ಸು. ಹನ್ನೊಂದು ವರ್ಷ ಅಲ್ಲಿಯ ಸಣ್ಣದೊಂದು ದವಾಖಾನೆಯಲ್ಲಿ ದುಡಿದು, ನಿವೃತ್ತಳಾಗಿ ಬಂದು ಅಕ್ಕನ ಮನೆ ಸೇರಿದ್ದೇನೆ. ಅಲ್ಲಿ ನನ್ನ ಬಾಡಿಗೆ ಮನೆಯ ಒಡತಿ ಮಿಸ್ ಐವಿ. ಹಿರಿಯರ ಹೆಸರಿನ ಮುಂದೆ 'ಮಿಸ್' ಹಚ್ಚದೆ ಕರೆಯುವುದು ಅಲ್ಲಿ ದೊಡ್ಡ ಉದ್ಧಟತನ, ನಮ್ಮಲ್ಲಿ 'ರೀ' ಮರೆತ ಹಾಗೆ. ಮೊದಲ ಮಳೆ ಬಿದ್ದ ಕೂಡಲೇ ಪೊದೆಗಳಿಂದ ಏಡಿಗಳು ರಸ್ತೆಗಿಳಿಯುತ್ತಿದ್ದವು. ಹಿಡಿದ ಏಡಿಯನ್ನು ಮಿಸ್ ಐವಿ ಅಂದೇ ಬೇಯಿಸುತ್ತಿರಲಿಲ್ಲ. ಹಿತ್ತಲ ಗೂಡಿನಲ್ಲಿಟ್ಟು, ವಾರಗಟ್ಟಲೆ ಗೋವಿನಜೋಳದ ಹಿಟ್ಟು ಹಾಕಿ, ಅಳಿಯನಂತೆ ಉಪಚರಿಸುತ್ತಿದ್ದರು. ಊರ ನೆನಪು ತಡೆಯದ ದಿನ ನಾನು ಏಡಿಗಳ ಪಾಲಿನ ಹಿಟ್ಟನ್ನೇ ಎರಡು ಬೊಗಸೆ ಕದ್ದು ರೊಟ್ಟಿ ಬಡಿದದ್ದುಂಟು. ಕಿಟಕಿಯಾಚೆಗೇ ನೀಲಿ ಸಮುದ್ರ. ನಾನೋ ಅದಕ್ಕೆ ಬೆನ್ನು ಹಾಕಿ ಹುಬ್ಬಳ್ಳಿಗಾಗಿ ಅಳುತ್ತಿದ್ದೆ.

ರವಿವಾರ ಚರ್ಚು ಮುಗಿದ ಮೇಲೆ ಕಡಬು. ಪೇರಲದ ಬೀಜ ತೆಗೆದು, ತಿರುಳನ್ನು ಕಣಕದ ಮೇಲೆ ಹರವಿ, ಸುರುಳಿ ಸುತ್ತಿ, ಅರಿವೆಯಲ್ಲಿ ಕಟ್ಟಿ ಕುದಿಸುವುದು; ಮೇಲೆ ಬೆಣ್ಣೆ-ಸಕ್ಕರೆಯ ಪಾಕ. ಮೊದಲ ಸಲ ಅವರು ಹಣ್ಣು ಹೆಚ್ಚಿ ಕೊಟ್ಟಾಗ ನಾನು ಉಪ್ಪು-ಖಾರ ಕೇಳಿದೆ. ಮಿಸ್ ಐವಿ ಎದೆಯ ಮೇಲೆ ಕೈಯಿಟ್ಟುಕೊಂಡು ದೇವರನ್ನು ಕರೆದರು. ವರ್ಷ ತುಂಬುವುದರೊಳಗೆ ನನ್ನ ಖಾರಪುಡಿಯ ಡಬ್ಬಿ ಅವರ ಅಡುಗೆಮನೆ ಸೇರಿತ್ತು.

ಹೋದ ತಿಂಗಳು ಅವರ ಮಗಳಿಂದ ಸುದ್ದಿ ಬಂತು, ಮಿಸ್ ಐವಿ ತೀರಿಕೊಂಡರೆಂದು. ಇನ್ನು ಆ ಕಡಬು ಮಾಡಿ ಬಡಿಸುವವರಿಲ್ಲ. ಒಂದು ಸಲವಾದರೂ ಅವರ ಕೈರುಚಿ ನನ್ನ ಕೈಗೆ ಬರಲಿ ಎಂದು ಈ ರವಿವಾರ ಹಟ ಹಿಡಿದು ನಿಂತೆ. ಅಪ್ಪನ ಹಳೆಯ ಗರಗದ ಖಾದಿ ಧೋತರ ಹರಿದು ಅರಿವೆ ಮಾಡಿಕೊಂಡೆ. ಪಾಕಕ್ಕೆ ನಿಜವಾಗಿ ರಮ್ಮು ಬೀಳಬೇಕು. ಅಕ್ಕ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ, ಹಾಗಾಗಿ ಆ ಮಾತೇ ಎತ್ತಲಿಲ್ಲ. ತಿರುಳು ಹರವಿ, ನೀರು ಕುದಿಯಿತೇ ಎಂದು ಆಚೆ ತಿರುಗಿದ್ದಷ್ಟೇ. ಮತ್ತೆ ಈಚೆ ನೋಡಿದರೆ ಅಕ್ಕನ ಕೈಯಲ್ಲಿ ಖಾರದ ಡಬ್ಬಿ, ತಿರುಳೆಲ್ಲ ಕೆಂಪು.

"ಅಕ್ಕಾ, ಏನ್ ಮಾಡಿದಿ!"

"ಪ್ಯಾರಲಕ್ಕ ಉಪ್ಪು-ಖಾರ ಹಾಕಲಾರದ ಯಾರರ ತಿಂತಾರೇನವಾ? ನೀ ಮರ್ತಿದ್ದಿ, ನಾ ಹಾಕೇನಿ."

ಅಳುವೇ ಬಂತು. ಬಳಿದು ತೆಗೆಯುವಂತಿರಲಿಲ್ಲ, ಹಾಗೆಯೇ ಕಟ್ಟಿ ಕುದಿಯಲು ಬಿಟ್ಟೆ. ಪೇರಲದ ತವರು ಆ ದ್ವೀಪಗಳ ಕಡೆಯ ಸೀಮೆಯೇ ಅಂತೆ, ಮೆಣಸಿನಕಾಯಿಯದೂ ಅಲ್ಲೇ. ಎರಡೂ ಯಾವ ಕಾಲದಲ್ಲೋ ಹಡಗು ಹತ್ತಿ ಬಂದು ನಮ್ಮವೇ ಆಗಿಬಿಟ್ಟಿವೆ. ತವರಿಗೆ ಕಳಿಸಿರೆಂದು ಅವು ಅತ್ತದ್ದನ್ನು ಯಾರೂ ಕಂಡಿಲ್ಲ. ಅಳುವುದೆಲ್ಲ ನನ್ನಂಥವಳ ಪಾಲಿಗೆ ಬಂದಿದೆ.

ಧೋತರ ಬಿಚ್ಚಿ ಒಂದು ತುಂಡು ಬಾಯಿಗಿಟ್ಟೆ. ರವಿವಾರದ ರುಚಿ ಅಲ್ಲವೇ ಅಲ್ಲ. ಇದು ಕೆಲಸದ ದಿನಗಳ ಸಂಜೆಯದು: ಹಿತ್ತಲ ಮೆಟ್ಟಿಲ ಮೇಲೆ ನಾವಿಬ್ಬರೂ ಕುಳಿತಿದ್ದೇವೆ, ಮಿಸ್ ಐವಿ ಮೂಗು ಒರೆಸಿಕೊಳ್ಳುತ್ತ, ನನ್ನನ್ನು ಬೈಯುತ್ತ, ಖಾರ ಹಚ್ಚಿದ ಪೇರಲದ ಇನ್ನೊಂದು ಹೋಳಿನತ್ತ ಕೈ ಚಾಚುತ್ತಿದ್ದಾರೆ. ನಾನು ಮಾಡಹೊರಟದ್ದು ಅವರ ಕೈರುಚಿ, ಬಂದದ್ದು ನಮ್ಮಿಬ್ಬರದು.

"ಕಣ್ಣಾಗ ನೀರ ಬಂತಲ್ಲ. ಖಾರ ಹೆಚ್ಚಾತೇನ?" ಅಕ್ಕ ಗಾಬರಿಯಾಗಿ ಕೇಳಿದಳು.

"ಇಲ್ಲಕ್ಕಾ, ಬರೋಬ್ಬರಿ ಆಗೇತಿ," ಎಂದು ತಟ್ಟೆ ಮುಂದೆ ಹಿಡಿದೆ.