ದೇಗಾಂವ ಬಿಟ್ಟು ಬಾರದ ಅವ್ವ

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಮೊದಲು ಅವರ ಜ್ವರ ನೋಡುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವ್ವ ದೇಗಾಂವಿನಲ್ಲಿ ಕಂಡವರ ಹೊಲದ ಕಳೆ ತೆಗೆದು ನನಗೆ ಬಿ.ಎಸ್ಸಿ. ನರ್ಸಿಂಗ್ ಓದಿಸಿದಳು. ಅಷ್ಟು ಕಷ್ಟದಿಂದ ಕಲಿತದ್ದನ್ನು ದೆವ್ವದ ಕಥೆಗಳಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಅರ್ಥ ನಿಮಗೆ ಹೊಳೆದರೆ ಒಳ್ಳೆಯದು.

ಎಂಪಾಕ್ಸ್, ಅಂದರೆ ಮಂಕಿಪಾಕ್ಸ್ ಎಂಬ ರೋಗದ ಹೆಸರು ಸುದ್ದಿಯಲ್ಲಿ ಓಡಾಡುತ್ತಿದ್ದ ದಿನಗಳವು. ನಾನು ರಾಮದುರ್ಗದ ಕಡೆಯ ಒಂದು ಆಸ್ಪತ್ರೆಗೆ ಆಗಷ್ಟೇ ಬಂದಿದ್ದೆ. ಕೊಲ್ಲಿ ದೇಶದಲ್ಲಿ ಡ್ರೈವರ್ ಆಗಿದ್ದು ಊರಿಗೆ ಮರಳಿದ್ದ ಸಂಗಪ್ಪ ಎಂಬವನನ್ನು ಕಟಕೋಳದಿಂದ ಕರೆತಂದರು. ಜ್ವರ, ಕುತ್ತಿಗೆಯಲ್ಲಿ ಗಂಟು, ಮುಖದ ಮೇಲೂ ಅಂಗೈಯಲ್ಲೂ ಗುಳ್ಳೆ. ನಮಗೆ ಬಂದಿದ್ದ ಸೂಚನೆಯಂತೆ ಅವನನ್ನು ಬೇರೆ ಕೋಣೆಯಲ್ಲಿಟ್ಟೆವು. ಗೌನು, ಜೋಡಿ ಕೈಗವಸು, ಮಾಸ್ಕು, ಕಣ್ಣಿಗೆ ಗಾಗಲ್ ಹಾಕಿಕೊಂಡು ಗುಳ್ಳೆಯನ್ನು ಸ್ವಾಬ್ ಕಡ್ಡಿಯಿಂದ ಒತ್ತಿ ಉಜ್ಜಿ ಮಾದರಿ ತೆಗೆದೆ. ಅದು ಐಸ್ ಡಬ್ಬಿಯಲ್ಲಿ ದೂರದ ಲ್ಯಾಬಿಗೆ ಹೋಯಿತು.

ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಇದು ರೋಗ ಅಲ್ರಿ ಸಿಸ್ಟರ್, ಮೈಮ್ಯಾಲ ದೇವಿ, ಅವ್ವ ಬಂದಾಳ. ಬೇವಿನ ತಪ್ಪಲಾ ತಂದೇನಿ. ಮೈ ಒರಸಿ, ಎರಡ ತುತ್ತ ಮಸರನ್ನ ಉಣಿಸಿ ಬರತೇನಿ, ಬಿಡ್ರಿ."

"ನೀ ಒಳಗ ಹೋದ್ರ ಆ ಅವ್ವ ನಿನ್ನ ಕೂಸಿನ ಮೈಮ್ಯಾಲೂ ಬರತಾಳ, ತಂಗಿ. ಬ್ಯಾಡ."

"ಹಂಗಾರ ನೀವರ ಉಣಸ್ರಿ."

ಉಣಿಸಲು ನೋಡಿದೆ. ಬಾಯೊಳಗೆಲ್ಲ ಹುಣ್ಣು. ಚಮಚ ಹತ್ತಿರ ಒಯ್ದರೆ ಅವನು ನನ್ನ ವೇಷ ನೋಡಿ ಗೋಡೆಯ ಕಡೆ ಹೊರಳುತ್ತಿದ್ದ. ಸಲೈನ್ ಏರಿಸಿದೆವು. ಮರುದಿನವೂ ಅದೇ ಕಥೆ. ತಟ್ಟೆಯನ್ನು ಪಕ್ಕದಲ್ಲಿಟ್ಟು, ಕೋಣೆಗೆ ಕೀಲಿ ಹಾಕಿಕೊಂಡು ಬಂದೆ. ಸಂಜೆ ನೋಡಿದರೆ ತಟ್ಟೆ ಖಾಲಿ. ಅಂತೂ ಉಂಡನಲ್ಲ ಎಂದು ಸಮಾಧಾನಪಟ್ಟೆ.

ಅದರ ಮಾರನೆಯ ದಿನ ರೋಗ ಖಚಿತವಾಯಿತು. ಅವನನ್ನು ಮುಟ್ಟಿದವರನ್ನೆಲ್ಲ ಹುಡುಕಿ ಮೂರು ವಾರ ನಿಗಾ ಇಡಬೇಕಿತ್ತು. ಯಾರ್‍ಯಾರು ಮುಟ್ಟಿದ್ದಾರೆ ಎಂದು ಕೇಳಿದೆ. ಹೆಂಡತಿ, ಅಣ್ಣ, ಕಟಿಂಗ್ ಮಾಡಿದವನು ಎಂದು ಹೇಳುತ್ತಾ ಹೋದವನು, "ಮತ್ತ ನಿಮ್ಮ ಅವ್ವಾರು" ಎಂದ.

"ನಮ್ಮವ್ವ?"

"ಹೂಂರಿ. ನಿನ್ನಿ ಮಧ್ಯಾಹ್ನ ಬಂದಿದ್ರಲ್ಲ. ಬರಿಗೈಲೆ ಉಣಿಸಿದ್ರು. 'ನಮ್ಮ ಹುಡಿಗಿ ಚೀಲದಾಗ ಹೊಕ್ಕೊಂಡು ಬಂದ್ರ ನಿನಗ ಅನ್ನ ಹೆಂಗ ಇಳದೀತು? ಬಾಯಿ ತೆರಿ' ಅಂದ್ರು."

"ಹೆಂಗಿದ್ರು ನೋಡಾಕ?"

"ಮಾರಿ ತುಂಬ ಸಿಡುಬಿನ ಕಲಿ ಇದ್ವು. ನೀವು ಹಿಂಗ್ಯಾಕ ಮುಟ್ಟತೀರಿ ಅಂದ್ರ, 'ನನಗ ಸಣ್ಣಾಕಿ ಇದ್ದಾಗ ಆಗಿ ಹೋಗೇತಿ' ಅಂದ್ರು."

ನನ್ನ ಅವ್ವನ ಮುಖದ ತುಂಬ ಸಿಡುಬಿನ ಕಲೆಗಳಿವೆ. ಅವಳು ಆ ಊರು ಕಂಡವಳಲ್ಲ. ಅವಳ ಬಗ್ಗೆ ನಾನು ಅಲ್ಲಿ ಯಾರೊಡನೆಯೂ ಒಂದು ಮಾತು ಆಡಿರಲಿಲ್ಲ. ದೇಗಾಂವಿನಿಂದ ಬೈಲಹೊಂಗಲ, ಸವದತ್ತಿ ಹಾಯ್ದು ಬರುವುದೆಂದರೆ ಬಸ್ಸಿನಲ್ಲೇ ಅರ್ಧ ದಿನ. ಕೋಣೆಯ ಕೀಲಿ ನನ್ನ ಹತ್ತಿರವೇ ಇತ್ತು.

ಫೋನ್ ಮಾಡಿದೆ.

"ನಾ ಯಾಕ ಬರಲೆವ್ವಾ? ನಿನ್ನಿ ಇಡೀ ದಿನ ಹೊಲದಾಗಿದ್ದೆ," ಎಂದು ಅವ್ವ ನಕ್ಕಳು. "ಯಾಕ, ಈಗರ ನನ್ನ ನೆನಪಾತೇನು ನಿನಗ?"

ಅವಳ ಜೊತೆ ಕಳೆ ತೆಗೆದ ಹೆಂಗಸರೂ ಅದನ್ನೇ ಹೇಳಿದರು. ನಮ್ಮ ಡಾಕ್ಟರು, "ಜ್ವರದಾಗ ಏನೇನೋ ಕಾಣತೈತಿ, ತಲಿ ಕೆಡಿಸ್ಕೋಬ್ಯಾಡ್ರಿ" ಎಂದರು. ಸರಿಯಾದ ಮಾತು. ನಾನೂ ಬೇರೆಯವರಿಗೆ ಅದನ್ನೇ ಹೇಳುತ್ತಿದ್ದೆ. ಜ್ವರದ ಕಣ್ಣು ಎಂದೂ ನೋಡದವರ ಮುಖವನ್ನು ಕಲೆಸಹಿತ ಹೇಗೆ ಕಂಡೀತು ಎಂದು ಮಾತ್ರ ಕೇಳಲಾಗಲಿಲ್ಲ.

ಅಲ್ಲಿಂದ ನನ್ನ ಬುದ್ಧಿ ಒಂದು ದಾರಿ, ಮನಸ್ಸು ಇನ್ನೊಂದು ದಾರಿ. ಮುಟ್ಟಿದವರಿಗೆ ಬೇಗ ಲಸಿಕೆ ಹಾಕಿದರೆ ರೋಗ ತಡೆಯಬಹುದು ಎಂದು ಓದಿದ್ದೆ. ಆ ಲಸಿಕೆ ದಿನವೂ ಒಳಗೆ ಹೋಗುವ ನನಗೇ ಸಿಗುವಂತಿರಲಿಲ್ಲ, ಇನ್ನು ಅವ್ವನಿಗೆ ಎಲ್ಲಿಂದ ತರಲಿ? ತರಬೇಕೆಂದರೂ ಏನೆಂದು ಕೇಳಲಿ? ಬಾರದೇ ಇದ್ದವಳು ಮುಟ್ಟಿದ್ದಾಳೆ ಎಂದೇ? ಹಿಂದೆ ಸಿಡುಬು ಆದವರಿಗೆ ಇದರಿಂದ ಒಂದಿಷ್ಟು ರಕ್ಷಣೆ ಇರಬಹುದು ಎಂಬುದೂ ಗೊತ್ತಿತ್ತು. ಆದರೆ ಇರಬಹುದು ಎಂಬ ಮಾತಿನ ಮೇಲೆ ಅವ್ವನನ್ನು ಬಿಟ್ಟು ಸುಮ್ಮನಿರುವುದು ಹೇಗೆ? ಮೂರು ವಾರ ದಿನಾ ಸಂಜೆ ಫೋನ್ ಮಾಡಿ, ಜ್ವರ ಇದೆಯೇ, ಮೈಮೇಲೆ ಗುಳ್ಳೆ ಎದ್ದಿವೆಯೇ ಎಂದು ಕೇಳಿದೆ.

"ದಿನಾ ಜ್ವರ ಕೇಳತಿ. ಉಂಡ್ಯಾ ಅಂತ ಒಂದಿನಾನೂ ಕೇಳವಲ್ಲಿ," ಎಂದು ಬೈದಳು. ಅವಳಿಗೆ ಏನೂ ಆಗಲಿಲ್ಲ.

ಸಂಗಪ್ಪನ ಹಕ್ಕಳೆಗಳೆಲ್ಲ ಉದುರಿ ಹೊಸ ಚರ್ಮ ಬಂತು. ಮನೆಗೆ ಹೊರಟ ದಿನ ನಾನು ಮಾಸ್ಕಿಲ್ಲದೆ ಅಂಗಳದಲ್ಲಿ ನಿಂತಿದ್ದೆ. ಅಲ್ಲಿಯವರೆಗೆ ಅವನು ನನ್ನ ಮುಖ ನೋಡಿರಲಿಲ್ಲ. ದನಿಯಿಂದ ಗುರುತು ಹಿಡಿದು ಹತ್ತಿರ ಬಂದ. ನೋಡುತ್ತಲೇ ನಿಂತ.

"ಥೇಟ್ ನಿಮ್ಮ ಅವ್ವಾರ ಮಾರೀನ ರೀ ನಿಮ್ಮದು," ಎಂದ. "ಕಲಿ ಒಂದ ಇಲ್ಲ."

ಅವನ ಹೆಂಡತಿ ಕೈ ಮುಗಿದಳು. "ಅವ್ವಾರಿಗೆ ನಮ್ಮ ಶರಣು ಹೇಳ್ರಿ ಸಿಸ್ಟರ್. ಅವರು ಉಣಿಸಿದ ಮ್ಯಾಲೆ ಇವರು ಎದ್ದು ಕುಂತಿದ್ದು."

ಅವರು ಬಂದಿರಲಿಲ್ಲ ಎಂದು ನಾನು ಹೇಳಬೇಕಿತ್ತು. "ಹೇಳತೇನಿ" ಎಂದೆ.

ಅವ್ವನಿಗೆ ಆ ಶರಣು ಇನ್ನೂ ಮುಟ್ಟಿಸಿಲ್ಲ. ಊರಿಗೆ ಹೋದಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅವಳು ತಟ್ಟೆ ಮುಂದಿಟ್ಟು ಉಣ್ಣು ಎನ್ನುತ್ತಾಳೆ. ನಾನು ಅವಳ ಕೈಯನ್ನೇ ನೋಡುತ್ತಾ ಉಣ್ಣುತ್ತೇನೆ.