ಅಕ್ಕನ ಕೈಗೆಟಕುವ ಟೊಮೆಟೊ

ನಲ್ಲಿಯಣ್ಣನನ್ನು ನಾನು ಮೊದಲು ಕಂಡದ್ದು ನಮ್ಮ ಅಡುಗೆಮನೆಯಲ್ಲಿ. ಕಂಡದ್ದೆಂದರೆ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನಿಂದ ಚಾಚಿದ್ದ ಎರಡು ಕಾಲುಗಳನ್ನು. "ಮೇಷ್ಟ್ರೇ, ನಾನು ಕೂಡಿಸಿದ ಪೈಪು ಸೋರಿದ್ರೆ ನನ್ನ ಮೀಸೆ ಬೋಳಿಸಿ" ಎಂದಿತು ಒಳಗಿನ ದನಿ. ಹೊರಬಂದವನಿಗೆ ಮೀಸೆಯೇ ಇರಲಿಲ್ಲ!

ಅವನೂ ಅವನ ಅಕ್ಕನೂ ನಮ್ಮ ಮೇಲಿನ ಮನೆಯಲ್ಲಿದ್ದರು. ಅಕ್ಕ ತಾರಸಿಯ ಕುಂಡಗಳಲ್ಲಿ ಟೊಮೆಟೊ ಬೆಳೆಯುತ್ತಿದ್ದಳು. ಹೋದ ವರ್ಷ ಲಕ್ವ ಹೊಡೆದು ಅವಳ ಬಲಗೈ ಸೋತಿತು. ಕೈಗೆ ಕೆಲಸ ಕೊಡದಿದ್ದರೆ ಅದು ಹಾಗೆಯೇ ಉಳಿದುಬಿಡುತ್ತದೆಂದು ವೈದ್ಯರು ಎಚ್ಚರಿಸಿದರು. ಹಿಸುಕಲೆಂದು ಅವರು ಕೊಟ್ಟ ರಬ್ಬರ್ ಚೆಂಡನ್ನು ಅವಳು ಮುಟ್ಟಲೂ ಇಲ್ಲ. ತಮ್ಮ ಕಂಗಾಲಾದ.

ಕೊನೆಗೆ ಕಿಟಕಿಯ ಬಳಿ, ಅವಳ ಕುರ್ಚಿಯ ಎತ್ತರಕ್ಕೆ, ದಪ್ಪ ಪೈಪು ಜೋಡಿಸಿ, ಗೊಬ್ಬರ ಕರಗಿಸಿದ ನೀರಿನಲ್ಲೇ ಐದು ಟೊಮೆಟೊ ಸಸಿ ನೆಟ್ಟ. ಹೋಲಿಸಿ ನೋಡಲು ಇನ್ನೊಂದನ್ನು ಮಣ್ಣಿನ ಕುಂಡದಲ್ಲಿಟ್ಟ.

"ಮಣ್ಣು ಕಾಣದ್ದು ಗಿಡವೇನೋ?" ಎಂದು ಅಕ್ಕ ಮುಖ ತಿರುಗಿಸಿದಳು.

ಮೂರು ವಾರ ನೀರಿನ ಸಸಿಗಳು ಮಣ್ಣಿನದನ್ನು ಹಿಂದೆ ಹಾಕಿ ಬೆಳೆದವು. ಆಮೇಲೆ ನೀರಿನಲ್ಲಿ ನಿಂತೇ ಬಾಡತೊಡಗಿದವು. ಅವನು ಇನ್ನಷ್ಟು ನೀರು ತುಂಬಿದ. ಅವು ಇನ್ನಷ್ಟು ಬಾಡಿದವು. ತಾಳಲಾರದೆ ಅಕ್ಕನೇ ಎಡಗೈಯಿಂದ ಒಂದು ಸಸಿಯನ್ನೆತ್ತಿ ನೋಡಿದಳು. ಬೇರು ಕಂದುಗಟ್ಟಿ ಲೋಳೆಯಾಗಿತ್ತು.

"ಇದಕ್ಕೆ ಗಾಳಿ ಎಲ್ಲಿಂದ ಬರುತ್ತೆ?"

"ಗಾಳಿನಾ? ಒಂದು ಸಂದೂ ಬಿಟ್ಟಿಲ್ಲ ಅಕ್ಕಾ! ಸುತ್ತ ಅಂಟು ಬಳಿದು, ಕಂಠಮಟ್ಟ ನೀರು ತುಂಬಿದ್ದೀನಿ."

"ಅಯ್ಯೋ ಮಂಕೇ! ಬೇರಿಗೆ ಉಸಿರು ಬೇಡ್ವೇನೋ? ಮಣ್ಣಲ್ಲಾದ್ರೆ ಹುಡಿಯ ನಡುವೆ ಗಾಳಿ ಇರುತ್ತೆ."

ಸೋರಬಾರದೆಂದು ಜನ್ಮವೆಲ್ಲ ದುಡಿದವನು ಅಂದು ತನ್ನ ಪೈಪಿಗೆ ತಾನೇ ತೂತು ಕೊರೆದ, ನೀರು ಅರ್ಧಕ್ಕಿಳಿಸಿದ, ಮೀನಿನ ತೊಟ್ಟಿಗೆ ಗಾಳಿಯೂದುವ ಯಂತ್ರವನ್ನು ತಂದು ಕೂಡಿಸಿದ. ಎರಡು ಸಸಿಗಳು ಬದುಕಿದವು.

ಅವು ಎತ್ತರವಾದಾಗ ಹಣ್ಣಿಗೆ ಹೋಗಬೇಕಾದ ಸತ್ವ ಹೀರುವ, ಎಲೆಯ ಕಂಕುಳಿನ ಚಿಗುರು ಚಿವುಟಬೇಕಾಯಿತು. ನಲ್ಲಿಯಣ್ಣ ಚಿವುಟಿದ್ದು ಹೂಗೊಂಚಲನ್ನು!

"ಬಿಡೋ, ನಿಂದು ಕೈಯಲ್ಲ, ಇಕ್ಕಳ!" ಅಕ್ಕ ಎಡಗೈಯಿಂದ ಕಾಂಡ ಹಿಡಿದಳು. ಚಿವುಟಲು ಇನ್ನೊಂದು ಕೈ ಬೇಕಲ್ಲ? ಬಲಗೈ ನಡುಗುತ್ತ ಮೇಲೆ ಬಂತು. ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಚಿಗುರು ಬೆರಳ ನಡುವೆ ಉಳಿಯಿತು.

ನೀರಿನ ಗಿಡ ಹತ್ತು ದಿನ ಮೊದಲೇ ಹಣ್ಣು ಕೊಟ್ಟಿತು. ರುಚಿ ಮಾತ್ರ ಮಣ್ಣಿನದೇ ಎಂದು ಅಕ್ಕನ ತೀರ್ಪು. ಒಂದು ದಿನ ಮರೆತರೂ ಮಣ್ಣು ಮನ್ನಿಸುತ್ತದೆ, ನೀರು ಮನ್ನಿಸದು; ಅದಕ್ಕೇ ನಲ್ಲಿಯಣ್ಣನಿಗೆ ನೀರೇ ಇಷ್ಟ. ಅಕ್ಕ ದಿನವೂ ಕಿಟಕಿಗೆ ಬರಲೇಬೇಕಲ್ಲ!

ಈಗಲೂ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ, ಎಲ್ಲ ಬಲ್ಲ ನಲ್ಲಿಯಣ್ಣ ಗಿಡದ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾನೆ: "ಅಕ್ಕಾ, ಇದು ಹೂವೋ ಚಿಗುರೋ?"

"ಇನ್ನೂ ಗೊತ್ತಾಗಲ್ವೇನೋ, ದಡ್ಡ!" ಎನ್ನುತ್ತ ಅವಳು ಬಲಗೈ ಚಾಚುತ್ತಾಳೆ.