ಖಂಡಿತ ಸೇವೆ

ಅಚ್ಚಿನ ಮನೆಯಲ್ಲಿ ತನ್ನ ಗುರುತನ್ನು ಉಳಿಸದಿರುವುದೇ ಹೆಚ್ಚುಗಾರಿಕೆಯೆನಿಸುವ ವಿದ್ಯೆಯೊಂದಿದ್ದರೆ ಅದು ಕರಡು ತಿದ್ದುವ ವಿದ್ಯೆ. ಆ ವಿದ್ಯೆಯಲ್ಲಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮುದ್ರಣಾಲಯದ ದೊಡ್ಡಕ್ಕನವರಿಗೆ ಸಾಟಿಯಿಲ್ಲವೆಂಬುದನ್ನು ಅವರ ಕೆಂಪು ಶಾಯಿಗೆ ಹೆದರಿದ ಪಂಡಿತರೂ ಒಪ್ಪುತ್ತಾರೆ. ಇಂಥವರೂ ಒಮ್ಮೆ ಒಂದು ಪದದಲ್ಲಿ ಎಡವಿದರು.

ದೊಡ್ಡಕ್ಕನವರೂ ಅವರ ಓರಗಿತ್ತಿಯೂ ಒಂದೇ ಮನೆಗೆ ಸೊಸೆಯರಾಗಿ, ಒಂದೇ ಮೇಜಿಗೆ ಕೆಲಸಗಾರ್ತಿಯರಾಗಿ ಬಂದವರು. ಚಿಕ್ಕವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವರು, ದೊಡ್ಡವರು ಕರಡಿನ ಮೇಲೆ ಕಣ್ಣಿಟ್ಟು ತಿದ್ದುವರು. ಅತ್ತೆ ಹಾಸಿಗೆ ಹಿಡಿದಾಗ ಒಬ್ಬರು ಮನೆಯಲ್ಲಿ ನಿಲ್ಲಬೇಕಾಯಿತು. ದೊಡ್ಡಕ್ಕ ಎರಡು ವರ್ಷ ಸಂಬಳವಿಲ್ಲದ ರಜೆ ಕೇಳಿದರು. ಪಿಂಚಣಿಯ ಗುಮಾಸ್ತರೋ, ಕುಡಿಯುವ ನೀರು ಕೇಳುವಾಗಲೂ ಕಚೇರಿಯ ಭಾಷೆ ಬಿಡದವರು. “ಈ ರಜೆ ತಗೊಂಡ್ರೆ ನಿಮ್ಮದು ಖಂಡಿತ ಸೇವೆ ಆಗುತ್ತೆ,” ಎಂದರು. ತುಂಡಾದ ಸೇವೆ ಎಂಬುದು ಅವರ ಅರ್ಥ. ರಜೆಯನ್ನೂ ಖಂಡಿತವಾಗಿ ಸೇವೆಯೆಂದೇ ಎಣಿಸುತ್ತಾರೆ ಎಂದು ತಿಳಿದ ದೊಡ್ಡಕ್ಕ, “ನಿಮ್ಮ ಬಾಯಿಗೆ ಸಕ್ಕರೆ ಹಾಕ,” ಎಂದು ಹರಸಿ ಮನೆಗೆ ನಡೆದರು.

ಸಂಬಳದೊಂದಿಗೆ ಪಿಂಚಣಿಯ ವಂತಿಗೆಯೂ ನಿಂತಿತ್ತು. ವಂತಿಗೆಯಿಲ್ಲದ ಆ ಎರಡು ವರ್ಷ ಲೆಕ್ಕಕ್ಕೇ ಬರಲಿಲ್ಲವೆಂದು ತಿಳಿದದ್ದು ಬಹಳ ಕಾಲದ ಮೇಲೆ. ರಜೆಗೆ ಮೊದಲೇ ಬರೆದುಕೊಟ್ಟು, ವಂತಿಗೆಯನ್ನು ತಾವೇ ಕಟ್ಟುತ್ತ ಬಂದಿದ್ದರೆ ಉಳಿಯುತ್ತಿತ್ತಂತೆ. ನಾಚಿಕೆಯಿಂದ ಅವರು ಇದನ್ನು ಯಾರಿಗೂ ಹೇಳಲಿಲ್ಲ. ಚಿಕ್ಕವಳಿಗೆ ತುಂಬು ಪಿಂಚಣಿ, ತನಗೆ ಮೊಟಕು ಪಿಂಚಣಿ ಎಂಬುದೊಂದು ಕೆಂಡ ಹೊಟ್ಟೆಯೊಳಗೆ ಕೂತಿತು. ಓರಗಿತ್ತಿಯ ದನಿಯನ್ನು ಯಾರಾದರೂ ಹೊಗಳಿದರೆ, “ದಿನಾ ಕೂತು ಓದಿದ್ರೆ ಕಾಗೆಗೂ ರಾಗ ಬರುತ್ತೆ,” ಎನ್ನುವರು. ಅಜ್ಜಿ ಹೇಳುವ ಕಥೆಯಲ್ಲಿ ಹಿರಿಯ ರಾಣಿ, ಕಿರಿಯವಳ ಅಂಗಳದ ಮರ ಮಾತ್ರ ಹೂಬಿಡುವುದನ್ನು ಕಿಟಕಿಯಿಂದ ನೋಡುತ್ತಾಳಲ್ಲ, ಹಾಗೆ ಮೇಜಿನ ಆಚೆ ಬದಿಯನ್ನು ನೋಡುವರು.

ಕಳೆದ ವರ್ಷ ಚಿಕ್ಕವರ ಗಂಡನಿಗೆ ಲಕ್ವ ಹೊಡೆಯಿತು. ಒಂದು ಬೆಳಿಗ್ಗೆ ಚಿಕ್ಕವರು ಓದುವುದನ್ನು ನಿಲ್ಲಿಸಿ, “ಅಕ್ಕ, ಸಂಬಳ ಇಲ್ಲದ ರಜೆ ಹಾಕ್ತಿದೀನಿ. ಗುಮಾಸ್ತರು ಖಂಡಿತ ಸೇವೆ ಅಂದ್ರು. ಸದ್ಯ, ಅದೊಂದು ಚಿಂತೆ ತಪ್ತು,” ಎಂದರು.

ದೊಡ್ಡಕ್ಕ ತಲೆಯೆತ್ತಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಮೇಜಿನ ಎರಡು ಬದಿಯೂ ಸಮನಾಗುತ್ತಿತ್ತು. ಆ ಸಮಾಧಾನವನ್ನು ಚಪ್ಪರಿಸುತ್ತಲೇ ಒಂದು ಪುಟ ತಿದ್ದಿದರು. ಕೊನೆಯ ಸಾಲಿನಲ್ಲಿ ಒತ್ತಕ್ಷರವೊಂದು ಬಿಟ್ಟುಹೋಗಿತ್ತು. ಇರಲಿ ಬಿಡು ಎಂದುಕೊಂಡರೂ ಕೈ ಕೇಳಲಿಲ್ಲ. ತಿದ್ದಿ, ಲೇಖನಿ ಕೆಳಗಿಟ್ಟರು.

“ಏಳೇ, ಪೆದ್ದಿ. ಖಂಡಿತ ಅಂದ್ರೆ ತುಂಡು. ವಂತಿಗೆ ನಾನೇ ಕಟ್ತೀನಿ ಅಂತ ಈಗ್ಲೇ ಬರೆದುಕೊಡು.”

“ನಿಮಗೆ ಹೇಗೆ ಗೊತ್ತಕ್ಕ?”

“ನಂದು ತುಂಡಾಗಿದೆ.”

ಚಿಕ್ಕವರ ಮುಖ ಇಳಿಯಿತು. “ಅವತ್ತು ನಾನು ಮನೇಲಿದ್ದು, ನೀವು ಕೆಲಸಕ್ಕೆ ಬಂದಿದ್ರೆ…”

“ಹೂಂ ಕಣೆ, ಅದನ್ನೇ ನೆನೆದು ಇಷ್ಟು ವರ್ಷ ಹೊಟ್ಟೆ ಉರ್ಕೊಂಡೆ. ಬೇಗ ನಡಿ, ನನ್ನ ಮನಸ್ಸು ಬದಲಾಗೋದ್ರೊಳಗೆ.”

ಚಿಕ್ಕವರ ಸೇವೆ ತುಂಡಾಗಲಿಲ್ಲ. ದೊಡ್ಡಕ್ಕನವರ ಹೊಟ್ಟೆಕಿಚ್ಚು ಪೂರ್ತಿ ಆರಿತೆಂದೂ ಹೇಳಲಾಗದು, ಅವರೇ ಒಪ್ಪುವುದಿಲ್ಲ. ನಿವೃತ್ತಿಯ ಬಳಿಕವೂ ಮನೆಯಲ್ಲೇ ಕರಡು ನೋಡಿಕೊಡಲು ಅವರು ಒಪ್ಪಿರುವುದು ನಮ್ಮ ಭಾಗ್ಯ. ಅವರ ಕಣ್ಣು ಚುರುಕಾಗಿರಲಿ, ಕೆಂಪು ಶಾಯಿ ಬತ್ತದಿರಲಿ. ಆ ಮೊಟಕು ಪಿಂಚಣಿಯನ್ನು ಕೊಟ್ಟೂ ಕೊಟ್ಟೂ ಖಜಾನೆಯವರೇ ಸುಸ್ತಾಗುವಷ್ಟು ಕಾಲ ಅವರು ಬಾಳಲಿ.